119ನೇ ಕೀರ್ತನೆ ಬಾಯಿಪಾಠ: ಹತ್ತೊಂಬತ್ತನೆಯ ವಾರದ ಟಿಪ್ಪಣಿ

ಸತ್ಯವೇದದ (ಬೈಬಲಿನ) ಈ ಕೀರ್ತನೆಯಲ್ಲಿ ಇಂದಿಗೆ 152 ವಚನಗಳು ಬಾಯಿಗೆ ಬಂದವು. ಇನ್ನು 24 ಉಳಿದಿವೆ.

ಹತ್ತೊಂಬತ್ತು ವಾರಗಳ ಹಿಂದೆ ಹೊಸ ನೋಟುಬುಕ್ಕಿನ ಮೊದಲ ಪುಟದಲ್ಲಿ ಯಾಕೋಬನ ಪತ್ರಿಕೆಯ 4ನೇ ಅಧ್ಯಾಯದ 8ನೇ ವಚನವನ್ನು ಬರೆದಿಟ್ಟಿದ್ದೆ: ದೇವರ ಸಮೀಪಕ್ಕೆ ಬನ್ನಿರಿ, ಆಗ ಆತನು ನಿಮ್ಮ ಸಮೀಪಕ್ಕೆ ಬರುವನು. ಅದರ ಕೆಳಗೆ ಇಪ್ಪತ್ತೆರಡು ಚೌಕಗಳನ್ನು ಎಳೆದಿದ್ದೆ, ವಾರಕ್ಕೊಂದರಂತೆ. ಇಂತಿಷ್ಟು ಹೆಜ್ಜೆ ನಾನು ಇಟ್ಟರೆ ಇಂತಿಷ್ಟು ಹತ್ತಿರವಾಗುತ್ತೇನೆ ಎಂಬ ಲೆಕ್ಕ ಆಗ ಮನಸ್ಸಿನಲ್ಲಿತ್ತು.

ಇದನ್ನು ಹಿಡಿದದ್ದಕ್ಕೆ ಕಾರಣವಿತ್ತು. ಬೆಳಿಗ್ಗೆ ಒಂದು ಅಧ್ಯಾಯ ಓದುವ ಅಭ್ಯಾಸ ನನಗೆ ಬಹಳ ವರ್ಷಗಳದು. ಆದರೆ ಚಪ್ಪಲಿ ಮೆಟ್ಟಿ ಹೊರಗೆ ಕಾಲಿಡುವಷ್ಟರಲ್ಲಿ ಓದಿದ್ದೇನೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಕಣ್ಣು ಸಾಲುಗಳ ಮೇಲೆ ಹಾಯ್ದಿರುತ್ತಿತ್ತು, ಅಷ್ಟೆ. ಶುಭ ಶುಕ್ರವಾರದ ಆರಾಧನೆಯಲ್ಲಿ ಶಿಲುಬೆಯ ಮೇಲೆ ಯೇಸು ಆಡಿದ ಮಾತುಗಳನ್ನು ಕೇಳುತ್ತಾ ಕುಳಿತಿದ್ದಾಗ ಒಂದು ವಿಷಯ ನಾಟಿತು. ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂಬುದು 22ನೇ ಕೀರ್ತನೆಯ ಮಾತು; ಆತ್ಮವನ್ನು ತಂದೆಯ ಕೈಗೆ ಒಪ್ಪಿಸಿದ್ದು 31ನೇ ಕೀರ್ತನೆಯ ಮಾತು. ಅಡವಿಯಲ್ಲಿ ಆತನು ಸೈತಾನನಿಗೆ ಕೊಟ್ಟ ಮೂರು ಉತ್ತರಗಳೂ ಹಳೆಯ ಒಡಂಬಡಿಕೆಯ ಧರ್ಮೋಪದೇಶಕಾಂಡದವು. ಕೈಯಲ್ಲಿ ಸುರುಳಿ ಇರಲಿಲ್ಲ. ಉಸಿರು ಸಿಕ್ಕಿಕೊಂಡಾಗ ಯೇಸುವಿನ ನಾಲಗೆಯ ಮೇಲೆ ವಾಕ್ಯವಿತ್ತು. ಅಂಥ ಗಳಿಗೆಯಲ್ಲಿ ನನ್ನ ನಾಲಗೆಯ ಮೇಲೆ ಏನಿರುತ್ತದೆ? ಮನೆಗೆ ಬರುವ ದಾರಿಯುದ್ದಕ್ಕೂ ಇದೇ ಪ್ರಶ್ನೆ.

119ನ್ನೇ ಆರಿಸಿದ್ದು ಅದರ ಕಟ್ಟಡಕ್ಕಾಗಿ. ಇಡೀ ಸತ್ಯವೇದದಲ್ಲಿ ಇದಕ್ಕಿಂತ ಉದ್ದದ ಅಧ್ಯಾಯವಿಲ್ಲ. 176 ವಚನಗಳು, ಎಂಟೆಂಟರ 22 ಗುಂಪುಗಳು. ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳಿಗೆ ಒಂದೊಂದು ಗುಂಪು. ಗುಂಪಿನ ಎಂಟೂ ವಚನಗಳು ಅದೇ ಅಕ್ಷರದಿಂದ ಶುರುವಾಗುತ್ತವೆ. ಆಲೆಫ್, ಬೇತ್, ಗಿಮೆಲ್ ಎಂದು ಸಾಗುವ ಈ ಕ್ರಮ ಮೂಲ ಭಾಷೆಯಲ್ಲಿ ನೆನಪಿಗೆ ಹಗ್ಗವಿದ್ದಂತೆ. ಕನ್ನಡಕ್ಕೆ ಬರುವಾಗ ಆ ಹಗ್ಗ ಕಳಚಿಹೋಗಿದೆ. ಅದಕ್ಕೆ ನಾನೇ ಒಂದು ಉಪಾಯ ಮಾಡಿಕೊಂಡೆ: ಅಂಗೈಯಗಲದ ಕಾರ್ಡಿನಲ್ಲಿ ಎಂಟು ವಚನಗಳನ್ನು ಕೈಯಾರೆ ಬರೆದು, ಎಡ ಅಂಚಿನಲ್ಲಿ ಪ್ರತಿ ವಚನದ ಮೊದಲ ಅಕ್ಷರವನ್ನು ಮಾತ್ರ ಕೆಂಪು ಶಾಯಿಯಲ್ಲಿ ಮೇಲಿಂದ ಕೆಳಕ್ಕೆ ಬರೆಯುವುದು. ಆ ಎಂಟು ಅಕ್ಷರಗಳ ಸರ ಮೊದಲು ಬಾಯಿಗೆ ಬರಬೇಕು. ಆಮೇಲೆ ವಚನಗಳು ತಾವಾಗಿ ಹಿಂದೆ ಬರುತ್ತವೆ.

ಸೋಮವಾರ ಕಾರ್ಡು ಬರೆಯುವುದು. ಗುರುವಾರದವರೆಗೆ ದಿನಕ್ಕೆರಡು ವಚನ. ಶುಕ್ರವಾರ, ಶನಿವಾರ ಎಂಟನ್ನೂ ಸೇರಿಸಿ ಹೇಳುವುದು. ಭಾನುವಾರ ಆರಾಧನೆಗೆ ಹೋಗುವ ಮೊದಲು ಕಾರ್ಡು ನೋಡದೆ ಒಮ್ಮೆ ಬರೆಯುವುದು. ಹಳೆಯ ಗುಂಪುಗಳಲ್ಲಿ ದಿನಕ್ಕೆರಡನ್ನು ಮತ್ತೆ ಹೇಳುವುದು. ಇದನ್ನು ಬಿಟ್ಟರೆ ಮೂರೇ ವಾರದಲ್ಲಿ ಎಲ್ಲ ಸೋರಿಹೋಗುತ್ತದೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತನ್ನ ಮಠಗಳಿಗೆ ಹಾಕಿಕೊಟ್ಟ ಕ್ರಮದಲ್ಲಿ ಈ ಇಡೀ ಕೀರ್ತನೆಯನ್ನು ಭಾನುವಾರ ಮತ್ತು ಸೋಮವಾರ, ಎರಡೇ ದಿನಗಳ ಹಗಲು ಪ್ರಾರ್ಥನೆಗಳಲ್ಲಿ ಹೇಳಿ ಮುಗಿಸುತ್ತಿದ್ದರು, ಅದೂ ವಾರ ವಾರವೂ. ನನಗೆ ಐದು ತಿಂಗಳು ಬೇಕು.

ಮೊದಲ ಮೂರು ವಾರ ಉತ್ಸಾಹದಲ್ಲೇ ಕಳೆದವು. ವಿಶೇಷವೇನಿಲ್ಲ.

ನಾಲ್ಕನೆಯ ವಾರ, ದಾಲೆತ್ ಅಕ್ಷರದ ಗುಂಪು. ಮೊದಲ ಬಾರಿಗೆ ಒಂದು ಮಾತು ನನ್ನನ್ನು ತಡೆದು ನಿಲ್ಲಿಸಿತು. ನನ್ನ ಪ್ರಾಣ ಧೂಳಿಗೆ ಅಂಟಿಕೊಂಡಿದೆ ಎಂದು 25ನೇ ವಚನ ಆರಂಭವಾಗುತ್ತದೆ. ನಿನ್ನ ಕಟ್ಟಳೆಗಳಿಗೆ ಅಂಟಿಕೊಂಡಿದ್ದೇನೆ ಎನ್ನುತ್ತದೆ 31. ಹೀಬ್ರೂವಿನಲ್ಲಿ ಎರಡೂ ಕಡೆ ಒಂದೇ ಕ್ರಿಯಾಪದ. ಇದು ತಿಳಿದ ದಿನ ಪಾತ್ರೆ ತೊಳೆಯುತ್ತಾ ನಿಂತಲ್ಲೇ ನಿಂತುಬಿಟ್ಟೆ, ನಲ್ಲಿ ಸುರಿಯುತ್ತಲೇ ಇತ್ತು. ಒಬ್ಬನೇ ಮನುಷ್ಯ, ಒಂದೇ ಪ್ರಾರ್ಥನೆ, ಆರು ವಚನಗಳ ಅಂತರದಲ್ಲಿ ಧೂಳಿಗೂ ಅಂಟಿಕೊಂಡಿದ್ದಾನೆ, ದೇವರ ಮಾತಿಗೂ ಅಂಟಿಕೊಂಡಿದ್ದಾನೆ. ಮೊದಲು ಧೂಳನ್ನೆಲ್ಲ ಕೊಡವಿಕೊಂಡು ಆಮೇಲೆ ದೇವರ ಬಳಿ ಹೋಗಬೇಕು ಎಂದು ನಾನು ಅದೆಷ್ಟು ದಿನಗಳನ್ನು ಪ್ರಾರ್ಥನೆಯಿಲ್ಲದೆ ಕಳೆದಿದ್ದೇನೆ!

ಐದನೆಯ ವಾರದ ಹೇ ಗುಂಪಿನಲ್ಲಿ, ವ್ಯರ್ಥವಾದದ್ದನ್ನು ನೋಡದಂತೆ ನನ್ನ ಕಣ್ಣುಗಳನ್ನು ತಿರುಗಿಸು ಎಂಬ 37ನೇ ವಚನ ಬಂತು. ಅಂದಿನಿಂದ ರಾತ್ರಿ ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡುತ್ತಿದ್ದೇನೆ. ಎದ್ದ ಕೂಡಲೇ ಕೈ ಈಗ ಕಾರ್ಡಿಗೆ ಹೋಗುತ್ತದೆ. ಎಲ್ಲ ದಿನವೂ ಅಲ್ಲ, ಆದರೆ ಹೆಚ್ಚಿನ ದಿನಗಳಲ್ಲಿ.

ಬಾಯಿಬಿಟ್ಟು ಹೇಳಬೇಕು ಎಂಬುದನ್ನು ಕಂಡುಕೊಂಡಿದ್ದೂ ಆ ದಿನಗಳಲ್ಲೇ. ಒಂದನೇ ಕೀರ್ತನೆಯಲ್ಲಿ ಹಗಲಿರುಳು ಧ್ಯಾನಿಸುವವನು ಧನ್ಯನು ಎಂದಿದೆಯಲ್ಲ, ಅಲ್ಲಿರುವ ಹೀಬ್ರೂ ಪದ ‘ಹಾಗಾ’. ಬೇಟೆಯ ಮೇಲೆ ನಿಂತ ಸಿಂಹದ ಗುರುಗುಟ್ಟುವಿಕೆಗೂ ಪಾರಿವಾಳದ ನರಳಿಕೆಗೂ ಪ್ರವಾದಿ ಯೆಶಾಯನು ಇದೇ ಪದವನ್ನು ಬಳಸಿದ್ದಾನೆ. ಧ್ಯಾನವೆಂದರೆ ಕಣ್ಣುಮುಚ್ಚಿ ಮೌನವಾಗಿ ಕೂರುವುದು ಎಂದುಕೊಂಡಿದ್ದ ನನಗೆ ಇದು ದೊಡ್ಡ ಬಿಡುಗಡೆ. ಮೆಟ್ಟಿಲು ಹತ್ತುತ್ತಾ, ಬಸ್ಸಿಗೆ ಕಾಯುತ್ತಾ, ಬಟ್ಟೆ ಮಡಿಸುತ್ತಾ ಗುನುಗಿಕೊಳ್ಳಬಹುದು. ಬ್ರಿಟನ್ನಿನಲ್ಲಿ 1807ರಲ್ಲಿ ಗುಲಾಮರ ವ್ಯಾಪಾರವನ್ನು ನಿಷೇಧಿಸುವ ಕಾನೂನು ಬರಲು ದುಡಿದ ವಿಲಿಯಂ ವಿಲ್ಬರ್‌ಫೋರ್ಸ್, ಲಂಡನ್ನಿನ ಹೈಡ್ ಪಾರ್ಕ್ ಮೂಲೆಯಿಂದ ಇದೇ ಕೀರ್ತನೆಯನ್ನು ಹೇಳಿಕೊಳ್ಳುತ್ತಾ ನಡೆದದ್ದನ್ನು ದಿನಚರಿಯಲ್ಲಿ ಬರೆದಿದ್ದಾರೆ. ನಡಿಗೆಗೂ ಈ ವಚನಗಳಿಗೂ ಹೊಂದಿಕೆಯಿದೆ. ಎಂಟು ವಚನಗಳು ಮುಗಿಯುವ ಹೊತ್ತಿಗೆ ಉಸಿರೂ ಒಂದು ಹದಕ್ಕೆ ಬಂದಿರುತ್ತದೆ.

ಒಂಬತ್ತನೆಯ ವಾರ, ಟೇತ್. ಇದನ್ನು ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ಆ ವಾರ ಕೆಲಸದ ಜಾಗದಲ್ಲಿ ನಾನು ಮಾಡಿದ ಕೆಲಸವನ್ನು ಸಹೋದ್ಯೋಗಿಯೊಬ್ಬರು ತಮ್ಮದೆಂದು ಮೇಲಿನವರಿಗೆ ತೋರಿಸಿದ್ದರು. ಸರಿಯಾಗಿ ಅದೇ ವಾರ 69ನೇ ವಚನ: ಗರ್ವಿಗಳು ನನ್ನ ಮೇಲೆ ಸುಳ್ಳನ್ನು ಬಳಿದಿದ್ದಾರೆ. ಎಷ್ಟು ಹಿತವಾಗಿತ್ತು ಆ ವಚನ! ಮಂಗಳವಾರದಿಂದ ಗುರುವಾರದವರೆಗೆ ಅದನ್ನು ನೂರಾರು ಸಲ ಹೇಳಿರಬೇಕು, ಪ್ರತಿ ಸಲವೂ ಅವರ ಮುಖವನ್ನು ಕಣ್ಣ ಮುಂದೆ ನಿಲ್ಲಿಸಿಕೊಂಡು. ಬಾಯಲ್ಲಿ ದೇವರ ವಾಕ್ಯ, ಎದೆಯಲ್ಲಿ ಕೆಂಡ. ಶುಕ್ರವಾರ ಎಂಟನ್ನೂ ಸೇರಿಸಿ ಹೇಳಬೇಕಾದಾಗ 67ನ್ನು ದಾಟದೆ 69ಕ್ಕೆ ಹೋಗಲು ಆಗಲಿಲ್ಲ. ಬಾಧೆಗೆ ಒಳಗಾಗುವ ಮೊದಲು ನಾನು ದಾರಿತಪ್ಪಿ ನಡೆಯುತ್ತಿದ್ದೆ. ‘ನಾನು’ ಎಂದಿದೆ ಅಲ್ಲಿ. ಈ ಗುಂಪಿನ ಎಂಟು ವಚನಗಳಲ್ಲಿ ಐದು, ಹೀಬ್ರೂವಿನಲ್ಲಿ, ‘ಒಳ್ಳೆಯದು’ ಎಂಬ ಪದದಿಂದಲೇ ಆರಂಭವಾಗುತ್ತವೆ. ಐದು ಒಳ್ಳೆಯದುಗಳ ನಡುವೆ ಇರುವ ಒಂದು ಸುಳ್ಳನ್ನಷ್ಟೇ ಹೆಕ್ಕಿಕೊಂಡು ನಾನು ಮೂರು ದಿನ ನೆಕ್ಕುತ್ತಿದ್ದೆ. ಆ ರಾತ್ರಿ ಮೊಣಕಾಲೂರಿ ಕ್ಷಮೆ ಕೇಳಿದೆ. ಸೋಮವಾರ ಆ ಸಹೋದ್ಯೋಗಿಯ ಬಳಿ ಹೋಗಿ, ಆದದ್ದು ನನಗೆ ನೋವು ತಂದಿದೆ ಎಂದು ನೇರವಾಗಿ, ದನಿ ಎತ್ತದೆ ಹೇಳಿದೆ. ಅವರು ಹೆಚ್ಚೇನೂ ಹೇಳಲಿಲ್ಲ. ಈಗಲೂ ನಮ್ಮಿಬ್ಬರ ನಡುವೆ ಎಲ್ಲವೂ ಸರಿಯಾಗಿಲ್ಲ. ಆದರೆ ಅವರಿಗಾಗಿ ಪ್ರಾರ್ಥಿಸಲು ಹೆಸರೆತ್ತಿದರೆ ಗಂಟಲು ಕಟ್ಟುವುದಿಲ್ಲ.

ಹತ್ತನೆಯ ವಾರದ ಚೌಕಕ್ಕೆ ಗುರುತು ಹಾಕಿದ್ದೇನೆ. ಹನ್ನೊಂದನೆಯದಕ್ಕೆ ಹಾಕಲು ಆಗಲಿಲ್ಲ.

ಆ ವಾರ ಅಮ್ಮನನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಕಾಫ್ ಗುಂಪು, 81ರಿಂದ 88. ಇಡೀ ಕೀರ್ತನೆಯಲ್ಲಿ ಇದಕ್ಕಿಂತ ಕತ್ತಲಾದ ಎಂಟು ವಚನಗಳಿಲ್ಲ ಎಂದು ನನಗನ್ನಿಸುತ್ತದೆ. ಕಾದು ಕಾದು ಕಣ್ಣು ಮಂಕಾಗಿದೆ, ಯಾವಾಗ ಸಂತೈಸುವಿ ಎನ್ನುತ್ತಾನೆ ಕೀರ್ತನೆಕಾರ. ಹೊಗೆಯಲ್ಲಿ ತೂಗುಹಾಕಿದ ಬುದ್ದಲಿಯಂತಾಗಿದ್ದೇನೆ ಎನ್ನುತ್ತಾನೆ. ಚರ್ಮದ ಬುದ್ದಲಿ ಹೊಗೆ ಕುಡಿದು ಕಪ್ಪಾಗಿ, ಒಣಗಿ, ಸುಕ್ಕುಗಟ್ಟಿ ಯಾವುದಕ್ಕೂ ಬಾರದಂತಾಗುತ್ತದೆ. ಆಸ್ಪತ್ರೆಯ ಕಾರಿಡಾರಿನ ಕುರ್ಚಿಯಲ್ಲಿ ಮೂರು ರಾತ್ರಿ ಕೂತವರಿಗೆ ಈ ಹೋಲಿಕೆಯನ್ನು ಯಾರೂ ವಿವರಿಸಬೇಕಾಗಿಲ್ಲ. ಬಾಯಿಪಾಠ ಮಾಡಲು ತಲೆ ಓಡುತ್ತಿರಲಿಲ್ಲ. ಕಾರ್ಡನ್ನು ಜೇಬಿನಿಂದ ತೆಗೆಯುವುದು, ಒಂದು ಸಲ ಓದುವುದು, ಮತ್ತೆ ಇಡುವುದು. ಬೆವರು ತಾಗಿ ಅಂಚಿನ ಕೆಂಪು ಶಾಯಿ ಹರಡಿತು. ಮೂಲೆಗಳು ಬಟ್ಟೆಯಂತೆ ಮೆತ್ತಗಾದವು. ಅದೊಂದು ಕಾರ್ಡನ್ನು ಮತ್ತೆ ಬರೆಯದೆ ಹಾಗೆಯೇ ಇಟ್ಟುಕೊಂಡಿದ್ದೇನೆ.

ಆ ರಾತ್ರಿಗಳಲ್ಲಿ ದೇವರು ಹತ್ತಿರವಿದ್ದಾನೆ ಎಂಬ ಭಾವನೆ ನನಗೆ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಬರೆಯಬೇಕು. ಆದರೆ ನನ್ನದೇ ಮಾತು ಬತ್ತಿಹೋದ ಹೊತ್ತಿನಲ್ಲಿ ಆತನಿಗೆ ಹೇಳಲು ಆತನೇ ಕೊಟ್ಟ ಮಾತು ಕೈಯಲ್ಲಿತ್ತು. ‘ಯಾವಾಗ?’ ಎಂದು ಕೇಳಲು ಅಪ್ಪಣೆಯಿತ್ತು.

ಹನ್ನೆರಡನೆಯ ವಾರ ಅಮ್ಮ ಮನೆಗೆ ಬಂದರು. ಲಾಮೆದ್ ಗುಂಪಿನ ಮೊದಲ ವಚನ, 89: ಯೆಹೋವನೇ, ನಿನ್ನ ವಾಕ್ಯವು ಪರಲೋಕದಲ್ಲಿ ಸದಾಕಾಲಕ್ಕೂ ಸ್ಥಿರವಾಗಿದೆ. 88 ಮತ್ತು 89ರ ನಡುವೆ, ಅಂದರೆ ಇಡೀ ಕೀರ್ತನೆಯ ನಟ್ಟನಡುವೆ, ಸತ್ಯವೇದದ ಪುಟದಲ್ಲಿರುವುದು ಒಂದಿಷ್ಟು ಖಾಲಿ ಜಾಗ. ನಾನು ಆ ಖಾಲಿ ಜಾಗವನ್ನು ದಾಟಲು ಎರಡು ವಾರ ತೆಗೆದುಕೊಂಡೆ. ಆಮೇಲೆ ಒಂದೇ ವಾರದಲ್ಲಿ ಎರಡು ಗುಂಪು ಕಲಿತು ಲೆಕ್ಕ ಸರಿಮಾಡಿಕೊಂಡೆ. ಅದು ಬೇಡವಿತ್ತು. ಅವಸರದಲ್ಲಿ ಕಲಿತ ಮೇಮ್ ಇಂದಿಗೂ ತೊದಲುತ್ತದೆ, ಜೇನಿಗಿಂತ ಸಿಹಿ ಎಂಬ ವಚನವಿರುವ ಗುಂಪು ಅದು.

ಗೊಂದಲಗಳೂ ಇವೆ. ನಿನ್ನ ನಿಬಂಧನೆಗಳನ್ನು ನನಗೆ ಕಲಿಸು ಎಂಬ ಬೇಡಿಕೆ ಮೂಲದಲ್ಲಿ ಆರು ಕಡೆ ಹೆಚ್ಚುಕಡಿಮೆ ಹಾಗೆಯೇ ಬರುತ್ತದೆ: 12, 26, 64, 68, 124, 135. ಒಂದರಿಂದ ಹೊರಟು ಇನ್ನೊಂದು ಗುಂಪಿಗೆ ಜಾರುವುದು ನನ್ನ ನಿತ್ಯದ ತಪ್ಪು. ಮೊದಲು ಸಿಟ್ಟು ಬರುತ್ತಿತ್ತು. ಈಗ ಜಾರಿದ ಕಡೆಯೇ ಒಂದು ಗಳಿಗೆ ನಿಂತು ಆ ಬೇಡಿಕೆಯನ್ನು ನನ್ನದಾಗಿ ಮಾಡಿಕೊಂಡು ಮುಂದೆ ಹೋಗುತ್ತೇನೆ. ಕಲಿಸು ಎಂದು ಆರು ಸಲ ಕೇಳಿದವನೂ ಒಂದೇ ಸಲಕ್ಕೆ ಕಲಿತವನಲ್ಲವಲ್ಲ.

ಈ ವಾರದ ಕೋಫ್ ಗುಂಪು 145ರಿಂದ 152ರವರೆಗೆ. ಮೊರೆಯಿಡುವುದರಿಂದ ಶುರುವಾಗುತ್ತದೆ, ನಸುಕಿಗೂ ಮುಂಚೆ ಎದ್ದು ಕೂಗುತ್ತದೆ. ಆಮೇಲೆ ಜೋಡಿಯಾಗಿ ಎರಡು ವಚನಗಳು. ಕೇಡನ್ನು ಬೆನ್ನಟ್ಟುವವರು ಸಮೀಪಿಸಿದ್ದಾರೆ ಎನ್ನುತ್ತದೆ 150. ಯೆಹೋವನೇ, ನೀನು ಸಮೀಪವಾಗಿದ್ದೀ ಎನ್ನುತ್ತದೆ 151. ಹೀಬ್ರೂವಿನಲ್ಲಿ ಎರಡೂ ವಚನಗಳ ಮೊದಲ ಪದ ಒಂದೇ ಧಾತುವಿನದು. ಕೋಫ್ ಅಕ್ಷರ ಎರಡನ್ನೂ ಹಿಡಿದು ಒಟ್ಟಿಗೆ ನಿಲ್ಲಿಸಿದೆ. ಹತ್ತಿರವಾಗು ಎಂದು ಅವನು ದೇವರನ್ನು ಬೇಡುತ್ತಿಲ್ಲ. ಹತ್ತಿರವಿದ್ದೀ ಎಂದು ಹೇಳುತ್ತಿದ್ದಾನೆ, ಅದೂ ಶತ್ರುಗಳು ಮೈಮೇಲೆ ಬಂದಿರುವಾಗ. ನೋಟುಬುಕ್ಕಿನ ಮೊದಲ ಪುಟ ತೆರೆದು ಯಾಕೋಬನ ಮಾತಿನ ಪಕ್ಕದಲ್ಲಿ ‘151’ ಎಂದು ಬರೆದೆ. ಚೌಕಗಳಿಗೆ ಗುರುತು ಹಾಕುವುದನ್ನು ಬಿಟ್ಟಿಲ್ಲ, ಆದರೆ ಅವು ಆತನ ಕಡೆಗೆ ನಾನು ಸವೆಸಿದ ದೂರವನ್ನು ಅಳೆಯುತ್ತವೆ ಎಂದು ಈಗ ಅನ್ನಿಸುವುದಿಲ್ಲ. ಕಾರಿಡಾರಿನ ಆ ಕುರ್ಚಿ ಪದೇ ಪದೇ ನೆನಪಾಗುತ್ತದೆ.

ಬುಧವಾರ ನಸುಕಿನಲ್ಲಿ ಅಮ್ಮನಿಗೆ ಮಾತ್ರೆ ಕೊಡಲು ಎದ್ದಿದ್ದೆ. ನೀರಿನ ಲೋಟ ತೊಳೆಯುತ್ತಾ ಗುನುಗುತ್ತಿದ್ದೆ. 150 ಮುಗಿಸಿ ಮುಂದಿನದು ನೆನಪಾಗದೆ ನಿಂತೆ. ಒಳಗಿನಿಂದ ಅಮ್ಮನ ದನಿ ಬಂತು: “ನೀನು ಸಮೀಪವಾಗಿದ್ದೀ.” ದಿನಾ ಕೇಳಿ ಕೇಳಿ ಅವರಿಗೇ ಬಂದುಬಿಟ್ಟಿದೆ. ಎಷ್ಟು ವಾರಗಳಿಂದ ಹೀಗೆ ಕಿವಿಗೊಟ್ಟು ಮಲಗಿದ್ದರೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತು ಎಂಟನ್ನೂ ಇಬ್ಬರೂ ಸೇರಿ ಹೇಳಿದೆವು, ನಾನು ಬಿಟ್ಟ ಕಡೆ ಅವರು, ಅವರು ಬಿಟ್ಟ ಕಡೆ ನಾನು.

ಉಳಿದಿರುವುದು ರೇಷ್, ಶಿನ್, ತಾವ್. ಮುಂದಿನ ವಾರ ಮೇಮ್ ಅನ್ನು ಮೊದಲಿನಿಂದ ಗಟ್ಟಿಮಾಡಿಕೊಳ್ಳಬೇಕು, ವಾವ್ ಅನ್ನೂ ಒಮ್ಮೆ ನೋಡಬೇಕು. ನಾಳೆ ಸೋಮವಾರ, ರೇಷ್ ಕಾರ್ಡು. ಈ ಸಲ ಎರಡು ಕಾರ್ಡು ಬರೆಯುತ್ತೇನೆ. ತಮ್ಮದರಲ್ಲಿ ಅಕ್ಷರ ದೊಡ್ಡದಾಗಿರಲಿ ಎಂದು ಅಮ್ಮ ಹೇಳಿದ್ದಾರೆ.