ಬೆರಳಿಗೆ ದಕ್ಕಿದ ಕತೆಗಳು

ವಿಡಿಯೊ ಗೇಮ್ ಎಂದೊಡನೆ ನಮ್ಮ ದಾವಣಗೆರೆಯ ಹಿರಿಯರ ಕಣ್ಣಿಗೆ ಕಟ್ಟುವುದು ಬಂದೂಕು, ಬೈಕು ಮತ್ತು ಪರೀಕ್ಷೆಯಲ್ಲಿ ನಪಾಸಾದ ಹುಡುಗರು. ನಾನು ಬರೆಯಹೊರಟಿರುವುದು ಬೇರೊಂದು ಬಗೆಯ ಗೇಮ್‌ಗಳ ಬಗ್ಗೆ. ಕೆಲವೇ ಜನ ಸೇರಿ, ಒಮ್ಮೊಮ್ಮೆ ಗಂಡ ಹೆಂಡತಿಯೇ ಮುಂದೆ ನಿಂತು, ವರ್ಷಗಟ್ಟಲೆ ಕೂತು ಮಾಡಿದ, ಒಂದೆರಡು ಸಂಜೆಯಲ್ಲಿ ಆಡಿ ಮುಗಿಸಬಹುದಾದ, ಅಂಕಗಳ ಲೆಕ್ಕವಿಲ್ಲದ ಕತೆಯ ಗೇಮ್‌ಗಳವು. ಇವನ್ನು ಆಡಿ ಮುಗಿಸಿದ ಎಷ್ಟೋ ರಾತ್ರಿ ನನಗೆ ನಿದ್ದೆ ಹತ್ತಿಲ್ಲ. ಹೀಗೇಕಾಗುತ್ತದೆ ಎಂದು ಯೋಚಿಸಿದಾಗಲೆಲ್ಲ ನನಗೆ ಹೊಳೆಯುವ ಕಾರಣ ಒಂದೇ: ಈ ಗೇಮ್‌ಗಳು ಕತೆಯನ್ನು ನಮ್ಮ ಕೈಯಿಂದ ಮಾಡಿಸುತ್ತವೆ, ಹಾಗಾಗಿ ಅದರ ಭಾರವೂ ಕೈಯಲ್ಲೇ ಉಳಿಯುತ್ತದೆ. ಮುಂದೆ ಕೆಲವು ಕತೆಗಳ ಕೊನೆಯನ್ನೂ ಹೇಳಿದ್ದೇನೆ; ಮೊದಲೇ ತಿಳಿಯುವುದು ಬೇಡ ಎನ್ನುವವರು ಆಡಿದ ಮೇಲೆ ಓದಬಹುದು.

ಜೈಂಟ್ ಸ್ಪ್ಯಾರೊ ಎಂಬ ಸಣ್ಣ ಸ್ಟುಡಿಯೊ 2017ರಲ್ಲಿ ಹೊರತಂದ ‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಗೇಮ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ದ್ವೀಪವೊಂದರಲ್ಲಿ ಅಂತಸ್ತಿನ ಮೇಲೆ ಅಂತಸ್ತು ಪೇರಿಸಿದಂತಹ ಒಂದು ವಿಚಿತ್ರ ಮನೆಯಿದೆ. ಆ ಮನೆಯವರು ಒಬ್ಬೊಬ್ಬರಾಗಿ ಅಕಾಲದಲ್ಲಿ ತೀರಿಕೊಂಡಿದ್ದಾರೆ, ಅವರವರ ಕೋಣೆಗಳನ್ನು ಇದ್ದ ಹಾಗೆಯೇ ಮುಚ್ಚಿಡಲಾಗಿದೆ. ವಂಶದಲ್ಲಿ ಉಳಿದ ಕೊನೆಯ ಹುಡುಗಿ ಈಡಿತ್ ಅಲ್ಲಿಗೆ ಮರಳಿ ಬಂದು ಒಂದೊಂದೇ ಕೋಣೆಯನ್ನು ಹೊಕ್ಕು ನೋಡುತ್ತಾಳೆ. ಒಬ್ಬೊಬ್ಬರ ಸಾವಿನ ಕತೆಯನ್ನೂ ಒಂದೊಂದು ರೀತಿಯಲ್ಲಿ ಆಡಬೇಕು. ಅವುಗಳಲ್ಲಿ ಅವಳ ಅಣ್ಣ ಲೂಯಿಸ್‌ನ ಭಾಗದ ಬಗ್ಗೆ ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ಲೂಯಿಸ್ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯೊಂದರಲ್ಲಿ ಕೆಲಸಗಾರ. ನಶೆಯ ಚಟ ಬಿಟ್ಟು ತಲೆ ತಿಳಿಯಾದ ಮೇಲೆ, ದಿನವೆಲ್ಲ ಒಂದೇ ಕೆಲಸ ಮಾಡುವ ಬೇಸರ ಅವನಿಗೆ ಮೊದಲ ಬಾರಿಗೆ ಕಣ್ಣಿಗೆ ಹೊಡೆಯತೊಡಗುತ್ತದೆ. ಅವನಿಗೆ ಚಿಕಿತ್ಸೆ ಕೊಡುತ್ತಿದ್ದ ಮನೋವೈದ್ಯೆ ಅವನ ತಾಯಿಗೆ ಬರೆದ ಪತ್ರ ಹಿನ್ನೆಲೆಯಲ್ಲಿ ಕೇಳಿಸುತ್ತಿರುತ್ತದೆ. ಕಂಪ್ಯೂಟರಿನಲ್ಲಿ ಆಡುವವರ ಬಲಗೈಯಲ್ಲಿ ಮೌಸ್ ಇರುತ್ತದೆ. ಮೀನು ಜಾರಿಕೊಂಡು ಬಂದೊಡನೆ ಹಿಡಿಯಬೇಕು, ಅಲಗಿನ ಕೆಳಗೆ ಎಳೆದು ತಲೆ ತುಂಡರಿಸಬೇಕು, ಉಳಿದದ್ದನ್ನು ಯಂತ್ರದ ಓಡುವ ಪಟ್ಟಿಯ ಮೇಲೆ ಎಸೆಯಬೇಕು, ಅಷ್ಟರಲ್ಲಿ ಇನ್ನೊಂದು ಮೀನು ಬಂದಿರುತ್ತದೆ. ಹೀಗಿರುವಾಗ ಪರದೆಯ ಒಂದು ಬದಿಯಲ್ಲಿ ಲೂಯಿಸ್‌ನ ಕಲ್ಪನೆಯ ಪುಟ್ಟ ಲೋಕ ತೆರೆದುಕೊಳ್ಳುತ್ತದೆ. ಅಲ್ಲಿ ನಡೆಯುವ ಆಕೃತಿಯನ್ನು ಎಡಗೈಯಿಂದ ನಡೆಸಬೇಕು. ಮೊದಮೊದಲು ಎರಡೂ ಕೈ ಒಂದಕ್ಕೊಂದು ಅಡ್ಡ ಬರುತ್ತವೆ. ಸ್ವಲ್ಪ ಹೊತ್ತಿಗೆ ಬಲಗೈ ಯಂತ್ರದಂತೆ ಪಳಗಿ, ಗಮನವೆಲ್ಲ ಎಡಗೈಯ ಕಡೆಗೆ ಸರಿಯುತ್ತದೆ. ಆ ಲೋಕ ಹಿಗ್ಗುತ್ತ, ಬಣ್ಣ ಪಡೆಯುತ್ತ, ಊರುಗಳಾಗಿ ಹಡಗುಗಳಾಗಿ ಇಡೀ ಪರದೆಯನ್ನು ತುಂಬಿಕೊಳ್ಳುತ್ತದೆ, ಮೀನು ಕಾಣದಂತಾಗುತ್ತದೆ, ಆದರೂ ಬಲಗೈ ಕತ್ತರಿಸುತ್ತಲೇ ಇರುತ್ತದೆ. ತನ್ನ ಕಲ್ಪನೆಯ ರಾಜ್ಯದಲ್ಲಿ ಕಿರೀಟ ಧರಿಸಲು ಲೂಯಿಸ್ ತಲೆ ಬಾಗಿಸುವ ಕ್ಷಣದಲ್ಲಿ, ಆ ತಲೆ ನಿಜವಾಗಿ ಯಾವ ಅಲಗಿನ ಕೆಳಗಿದೆ ಎಂಬುದು ನಮಗೆ ತಿಳಿಯುತ್ತದೆ. ಅಲ್ಲಿಯವರೆಗೂ ಅವನನ್ನು ನಡೆಸಿಕೊಂಡು ಬಂದದ್ದು ನನ್ನ ಎಡಗೈ.

ನಾನು ಅದನ್ನು ಆಡುವಾಗ ಅಪ್ಪಾಜಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿದ್ದ ಈ ಊರಿನ ಹತ್ತಿ ಗಿರಣಿಯೊಂದರಲ್ಲಿ, ನೂಲುವ ವಿಭಾಗದಲ್ಲಿ, ಅದು ಮುಚ್ಚುವವರೆಗೂ ದುಡಿದವರು ಅವರು. ನೂಲುವ ಯಂತ್ರಗಳ ನಡುವಿನ ಓಣಿಯಲ್ಲಿ ಓಡಾಡುತ್ತ, ಕಡಿದ ಎಳೆಯನ್ನು ಹುಡುಕಿ, ಬೆರಳ ತುದಿಯಲ್ಲಿ ಹೊಸೆದು ಕೂಡಿಸುವುದು ಅವರ ಕೆಲಸ. ಈಗಲೂ ಸುಮ್ಮನೆ ಕೂತಿರುವಾಗ ಅವರ ಹೆಬ್ಬೆರಳು ತೋರುಬೆರಳ ಮೇಲೆ ತನಗೆ ತಾನೇ ಹೊಸೆಯುತ್ತಿರುತ್ತದೆ. ಗೇಮ್ ಎಂದರೆ ಮುಖ ತಿರುಗಿಸುವ ಅವರು ಲೂಯಿಸ್‌ನ ಮೀನುಗಳನ್ನು ಬಹಳ ಹೊತ್ತು ನೋಡಿ, “ಕೈ ಅದರ ಪಾಡಿಗೆ ಅದು ಮಾಡ್ತಿರ್ತೈತವ್ವಾ, ತಲೆ ಎಲ್ಲೆಲ್ಲಿಗೋ ಹೋಗಿ ಬರ್ತಿರ್ತೈತಿ. ರಾತ್ರಿ ಪಾಳ್ಯಾಗೆ ನಾನು ಎಷ್ಟು ಸಲ ಹೊಲ ಉತ್ತು ಬಂದೀನೋ” ಎಂದರು. ಹೊಲ ಮಾರಿದ ಮೇಲೆಯೇ ಅವರು ಗಿರಣಿ ಸೇರಿದ್ದು. ಮಾರಿದ ಹೊಲವನ್ನು ಅವರು ಅಷ್ಟು ವರ್ಷ ಮನಸ್ಸಿನಲ್ಲೇ ಉಳುತ್ತಿದ್ದರೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಲೂಯಿಸ್‌ನ ಕೊನೆ ಏನಾಯಿತೆಂದು ಹೇಳಿದಾಗ ಅವರು ಕೇಳಿದ್ದು, “ಅವನ ಜತಿಗೆ ಮಾತಾಡೋರು ಯಾರೂ ಇರಲಿಲ್ಲೇನು? ನಮಗೆ ಚಾ ಕುಡಿಯೋಕಾದ್ರೂ ನಾಲ್ಕು ಮಂದಿ ಇದ್ರು.” ಆ ಭಾಗದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ಹತ್ತಿರ ಬಂದಿಲ್ಲ.

ಕಂಪನಿ ನಾಟಕಗಳನ್ನು ಎದೆಗೆ ಹಚ್ಚಿಕೊಂಡ ಊರು ನಮ್ಮದು. ಡೇರೆಯಲ್ಲಿ ಕೂತು ತಾಯಿಯ ಪಾತ್ರ ಅತ್ತಾಗ ತಾನೂ ಅಳುವ ಪ್ರೇಕ್ಷಕರನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಆ ಅಳುವಿಗಿಂತ ಇದು ದೊಡ್ಡದೆಂದು ನಾನು ಹೇಳುವುದಿಲ್ಲ. ಆದರೆ ಅಲ್ಲಿ ನಮ್ಮ ಕೈ ಮಡಿಲಲ್ಲಿರುತ್ತದೆ, ಏನೇ ನಡೆದರೂ ಅದನ್ನು ಬೇರೆಯವರು ಮಾಡುತ್ತಾರೆ. ಗೇಮಿನಲ್ಲಿ ಆ ಬಿಡುವು ಇಲ್ಲ.

‘ಫ್ಲಾರೆನ್ಸ್’ 2018ರಲ್ಲಿ ಮೊಬೈಲಿಗೆಂದೇ ಬಂದದ್ದು, ಮಾಡಿದವರು ಮೆಲ್ಬರ್ನ್‌ನ ಮೌಂಟನ್ಸ್ ತಂಡದವರು. ಫ್ಲಾರೆನ್ಸ್ ಎಂಬ ಯುವತಿ ಸೆಲ್ಲೊ ಎಂಬ, ಪಿಟೀಲಿನ ಜಾತಿಯ ದೊಡ್ಡ ವಾದ್ಯ ನುಡಿಸುವ ಭಾರತೀಯ ಮೂಲದ ಕ್ರಿಶ್‌ನನ್ನು ಭೇಟಿಯಾಗುತ್ತಾಳೆ. ಮೊದಲ ಭೇಟಿಯಲ್ಲಿ ಅವಳಿಗೆ ಮಾತು ಬರಬೇಕಾದರೆ ಹಲವು ಚೂರುಗಳನ್ನು ಹೊಂದಿಸಿ, ಚಿತ್ರಕತೆಗಳಲ್ಲಿರುವಂಥ ಮಾತಿನ ಗುಳ್ಳೆಯನ್ನು ತುಂಬಬೇಕು. ಸಲಿಗೆ ಬೆಳೆದಂತೆ ಚೂರುಗಳು ಕಡಿಮೆಯಾಗುತ್ತ, ಕೊನೆಗೆ ಒಂದೇ ಚೂರಾಗಿ, ಬೆರಳು ತಾಗಿಸಿದರೆ ಮಾತು ಹೊರಡುತ್ತದೆ. ಮುಂದೆ ಜಗಳದ ಹೊತ್ತಿನಲ್ಲಿ ಅದೇ ಚೂರುಗಳು ಚೂಪು ಅಂಚು ಪಡೆದು, ಅವನಿಗಿಂತ ಬೇಗ ತುಂಬಬೇಕೆಂಬ ಅವಸರ ನಮ್ಮ ಬೆರಳಿಗೇ ಬಂದುಬಿಡುತ್ತದೆ. ಅವನು ಮನೆಗೆ ಬರುವಾಗ ಅವನ ಸಾಮಾನಿಗೆ ಜಾಗ ಮಾಡಲು ಅವಳ ಯಾವ ವಸ್ತುವನ್ನು ಕಪಾಟಿನಿಂದ ತೆಗೆಯಬೇಕೆಂದು ನಾವು ಆರಿಸುತ್ತೇವೆ, ಬಿಟ್ಟು ಹೋಗುವಾಗ ಅವನ ಸಾಮಾನನ್ನು ಕಟ್ಟುವವರೂ ನಾವೇ. ಹೆಚ್ಚುಕಡಿಮೆ ಪದಗಳೇ ಇಲ್ಲದೆ ಒಂದು ಪ್ರೀತಿಯ ಏಳುಬೀಳನ್ನು ಇಷ್ಟು ಸೂಕ್ಷ್ಮವಾಗಿ ಹೇಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಾಮಾನಿನ ಮಾತು ಬಂದಾಗ ‘ಅನ್‌ಪ್ಯಾಕಿಂಗ್’ ನೆನಪಾಗುತ್ತದೆ. ಆಸ್ಟ್ರೇಲಿಯದ ವಿಚ್ ಬೀಮ್ ತಂಡದ, 2021ರ ಈ ಗೇಮಿನಲ್ಲಿ ಇರುವ ಕೆಲಸ ಒಂದೇ, ಹೊಸ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿ ಸಾಮಾನು ಜೋಡಿಸುವುದು. ದಾವಣಗೆರೆ ಜಿಲ್ಲೆಯಾದ 1997ರಲ್ಲೇ ಆರಂಭವಾಗಿ 2018ರವರೆಗೆ ಒಬ್ಬ ಹೆಣ್ಣುಮಗಳು ಎಂಟು ಸಲ ಸಾಮಾನು ಬಿಚ್ಚಿ ಜೋಡಿಸುವ ಕತೆ ಇದು, ಆದರೆ ಅವಳು ನಮ್ಮ ಎದುರಿಗೆ ಬರುವುದೇ ಇಲ್ಲ. 2010ರಲ್ಲಿ ಅವಳು ತನ್ನ ಗೆಳೆಯನ ಮನೆಗೆ ಹೋಗುತ್ತಾಳೆ. ಅವನ ವಸ್ತುಗಳಿಂದ ಮನೆ ಆಗಲೇ ತುಂಬಿದೆ. ಚೌಕಟ್ಟು ಹಾಕಿಸಿದ ಅವಳ ಪದವಿ ಪ್ರಮಾಣಪತ್ರವನ್ನು ತೂಗುಹಾಕಲು ಒಂದು ಗೋಡೆಯೂ ಸಿಗುವುದಿಲ್ಲ, ಎಲ್ಲಿಟ್ಟರೂ ಗೇಮ್ ಒಪ್ಪುವುದಿಲ್ಲ. ಕಡೆಗೆ ಅದು ಹೋಗುವುದು ಮಂಚದ ಕೆಳಗೆ. ಅಲ್ಲಿಗೆ ತಳ್ಳಿದವಳು ನಾನೇ ಆದ್ದರಿಂದ, ಮದುವೆಯಾಗಿ ಹೋದ ನನ್ನ ಓರಗೆಯವರ ಅಂಕಪಟ್ಟಿಗಳು ಯಾವ ಯಾವ ಟ್ರಂಕಿನ ತಳದಲ್ಲಿವೆಯೋ ಎಂಬ ಸಂಕಟ ನನ್ನನ್ನು ಬಿಡಲಿಲ್ಲ.

2013ರ ‘ಬ್ರದರ್ಸ್’ ಅಷ್ಟು ಪುಟ್ಟ ತಂಡದ್ದಲ್ಲ, ಆದರೆ ಇದನ್ನು ಬಿಟ್ಟು ಈ ಮಾತು ಪೂರ್ತಿಯಾಗುವುದಿಲ್ಲ. ಎಡಗೈಗೆ ಅಣ್ಣ, ಬಲಗೈಗೆ ತಮ್ಮ. ತಾಯಿ ನೀರುಪಾಲಾದದ್ದರಿಂದ ತಮ್ಮನಿಗೆ ನೀರೆಂದರೆ ಭಯ, ಅಣ್ಣನ ಬೆನ್ನು ಹಿಡಿದೇ ಅವನು ಹೊಳೆ ದಾಟುವುದು. ಅಣ್ಣ ತೀರಿಕೊಂಡ ಮೇಲೆ ತಮ್ಮ ಒಬ್ಬನೇ ನೀರಿನ ಮುಂದೆ ನಿಲ್ಲುತ್ತಾನೆ, ಬಲಗೈಯ ಗುಂಡಿ ಎಷ್ಟು ಒತ್ತಿದರೂ ಹೆಜ್ಜೆ ಮುಂದಿಡುವುದಿಲ್ಲ. ಬಹಳ ಹೊತ್ತಿನಿಂದ ಸುಮ್ಮನಿದ್ದ ಎಡಗೈಯ, ಅಂದರೆ ಅಣ್ಣನ ಗುಂಡಿಯನ್ನು ಒತ್ತಿದಾಗ ಅವನು ಈಜುತ್ತಾನೆ. ಈ ಗೇಮಿನ ಪಾತ್ರಗಳು ಆಡುವುದು ಯಾವ ದೇಶದ್ದೂ ಅಲ್ಲದ ಕಟ್ಟುಭಾಷೆ. ಇಂಥ ಗೇಮ್‌ಗಳಲ್ಲಿ ಕನ್ನಡದ ಆಯ್ಕೆ ನನಗೆ ಈವರೆಗೆ ಕಂಡಿಲ್ಲ, ಆ ಕೊರತೆ ನನ್ನನ್ನು ಸದಾ ನೋಯಿಸುತ್ತದೆ. ಇಲ್ಲಿ ಮಾತ್ರ ಅದು ಅಡ್ಡ ಬರಲಿಲ್ಲ.

ನಮ್ಮ ಮನೆಗೆ ತೀರ ಹತ್ತಿರವಾದದ್ದು 2023ರ ‘ವೆಣ್ಬಾ’. ಟೊರಾಂಟೊದ ವಿಸೈ ಗೇಮ್ಸ್ ಮಾಡಿದ ಇದರಲ್ಲಿ 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಮಸುಕಾದ ಅಡುಗೆ ಪುಸ್ತಕ, ಶಾಲೆಗೆ ಸೇರಿದ ಮೇಲೆ ಮನೆಯ ಊಟಕ್ಕಿಂತ ಪಿಜ್ಜಾ ಬೇಕೆನ್ನುವ ಮಗ ಇದ್ದಾರೆ. ಇಡ್ಲಿ ತಟ್ಟೆಗಳನ್ನು ಹೇಗೆ ಜೋಡಿಸಿದರೆ ಹಬೆ ಸರಿಯಾಗಿ ಆಡುತ್ತದೆ ಎಂಬುದೇ ಅದರ ಮೊದಲ ಒಗಟು. ನಾನು ಅಲ್ಲಿ ತಡವರಿಸುತ್ತಿದ್ದಾಗ ಅವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತು, “ಗುಳಿ ಮ್ಯಾಲೆ ಗುಳಿ ಕೂಡಿಸಬ್ಯಾಡ, ತಟ್ಟೆ ತಿರುವಿಡು” ಎಂದು ಬಿಡಿಸಿಬಿಟ್ಟಳು. ಅನಂತರ ಒಲೆ ಆರಿಸಿ ಬಂದು, ಆ ಮಗ ದೊಡ್ಡವನಾಗಿ ತಾಯಿಯ ಅಡುಗೆಗೆ ಮರಳುವವರೆಗೂ ನೋಡಿದಳು.

‘ದಟ್ ಡ್ರ್ಯಾಗನ್, ಕ್ಯಾನ್ಸರ್’ ಬಗ್ಗೆ ಬರೆಯುವುದು ನನಗೆ ಕಷ್ಟ. ರಯನ್ ಮತ್ತು ಏಮಿ ಗ್ರೀನ್ ದಂಪತಿಯ ಮಗ ಜೋಯೆಲ್ 2014ರಲ್ಲಿ ಐದನೇ ವಯಸ್ಸಿನಲ್ಲಿ ಮೆದುಳಿನ ಕ್ಯಾನ್ಸರಿನಿಂದ ತೀರಿಕೊಂಡ. ಅವನು ಬದುಕಿರುವಾಗಲೇ ಸಂಗಡಿಗರೊಂದಿಗೆ ಆರಂಭಿಸಿದ್ದ ಈ ಗೇಮನ್ನು ಅವರು 2016ರಲ್ಲಿ ಹೊರತಂದರು. ಆಸ್ಪತ್ರೆಯ ಕೋಣೆಯಲ್ಲಿ ಒಂದು ರಾತ್ರಿ ಮಗು ಬಾಯಾರಿ ಅಳುತ್ತದೆ, ಕುಡಿಸಿದ್ದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಎತ್ತಿಕೊಳ್ಳಬಹುದು, ಓಡಾಡಬಹುದು, ಕೂರಬಹುದು, ಯಾವುದನ್ನು ಒತ್ತಿದರೂ ಅಳು ನಿಲ್ಲದು. ಗುಂಡಿ ಒತ್ತಿದರೆ ಏನಾದರೂ ಆಗುತ್ತದೆ ಎಂಬುದು ಗೇಮ್ ಆಡುವವರ ಮೂಲ ನಂಬಿಕೆ. ಆ ನಂಬಿಕೆಯನ್ನೇ ಕಸಿದುಕೊಂಡು ಒಬ್ಬ ತಂದೆ ತನ್ನ ಅಸಹಾಯಕತೆಯನ್ನು ನಮ್ಮ ಕೈಗಿಟ್ಟ ರೀತಿಗೆ ನಾನು ತಲೆಬಾಗುತ್ತೇನೆ. ಆಸ್ಪತ್ರೆಯ ಹಜಾರದ ತುಂಬ, ಗೇಮಿಗೆ ಹಣ ನೀಡಿದವರು ತಾವು ಕಳೆದುಕೊಂಡವರಿಗಾಗಿ ಬರೆದ ಸಾಲುಗಳ ಕಾರ್ಡುಗಳಿವೆ. ಅವನ್ನು ಓದದೆ ಮುಂದೆ ಹೋಗಲು ನನ್ನಿಂದಾಗಲಿಲ್ಲ.

ಇವನ್ನು ಎಂದೂ ಆಡದವರು ‘ಫ್ಲಾರೆನ್ಸ್’ನಿಂದ ಆರಂಭಿಸುವುದು ಒಳ್ಳೆಯದು. ಕೈಯಲ್ಲಿರುವ ಮೊಬೈಲ್ ಸಾಕು, ಒಂದು ಗಂಟೆಯೊಳಗೆ ಮುಗಿಯುತ್ತದೆ, ಇಂಗ್ಲಿಷ್ ಓದಲು ಬಾರದವರಿಗೂ ಅರ್ಥವಾಗುತ್ತದೆ. ಇಯರ್‌ಫೋನ್ ಹಾಕಿಕೊಳ್ಳಿ, ಆ ಸೆಲ್ಲೊ ಕೇಳಿಸದಿದ್ದರೆ ಅರ್ಧ ಕತೆ ತಪ್ಪಿಹೋಗುತ್ತದೆ. ‘ಈಡಿತ್ ಫಿಂಚ್’ ಅನ್ನು ಒಂದೇ ಸಂಜೆಯಲ್ಲಿ ಆಡಿ, ಆದರೆ ಮನಸ್ಸು ತೀರ ಕುಗ್ಗಿರುವ ದಿನಗಳಲ್ಲಿ ಲೂಯಿಸ್‌ನ ಕೋಣೆಗೆ ಒಬ್ಬರೇ ಹೋಗಬೇಡಿ. ಜೋಯೆಲ್‌ನ ಗೇಮನ್ನು, ಮನೆಯವರು ಯಾರಾದರೂ ಆಸ್ಪತ್ರೆಯಲ್ಲಿದ್ದರೆ, ಅವರು ಮನೆಗೆ ಬಂದ ಮೇಲೆ ಆಡಿ.