ಗುಳಿಗೆ ನುಂಗಿದ ಮೇಲಿನ ವಾರಗಳು

ಖಿನ್ನತೆಗೆಂದು ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಹತ್ತನೆಯ ದಿನಕ್ಕೇ ಬಿಟ್ಟುಬಿಡಲು ನಾನು ಮನಸ್ಸು ಮಾಡಿದ್ದೆ. ಹೊಟ್ಟೆ ತೊಳಸುತ್ತಿತ್ತು, ನಿದ್ದೆ ಕೆಟ್ಟಿತ್ತು, ಮನಸ್ಸಿನ ಭಾರ ಮಾತ್ರ ಎಳ್ಳಷ್ಟೂ ಇಳಿದಿರಲಿಲ್ಲ. ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕಡಿಮೆಯಾಗಿದೆ, ಗುಳಿಗೆ ಅದನ್ನು ತುಂಬಿಕೊಡುತ್ತದೆ ಎಂದು ನಾನು ತಿಳಿದಿದ್ದೆ. ತುಂಬುವುದಕ್ಕೆ ಇಷ್ಟು ದಿನ ಏಕೆ ಬೇಕೆಂಬುದು ಅರ್ಥವಾಗಿರಲಿಲ್ಲ.

ಈ ಕೊರತೆಯ ಕಲ್ಪನೆ ಹುಟ್ಟಿದ್ದೇ ಔಷಧಿಗಳಿಂದ. 1950ರ ದಶಕದ ಆರಂಭದಲ್ಲಿ ಕ್ಷಯರೋಗಕ್ಕೆ ಕೊಡುತ್ತಿದ್ದ ಇಪ್ರೋನಿಯಾಜಿಡ್ ರೋಗಿಗಳಲ್ಲಿ ಉಲ್ಲಾಸ ಮೂಡಿಸಿತು. ಅದು ಸೆರೊಟೋನಿನ್‌ನಂತಹ ರಾಸಾಯನಿಕಗಳನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆಂದು ತಿಳಿದಿದ್ದರಿಂದ, ಅವುಗಳ ಅಭಾವವೇ ಖಿನ್ನತೆಯೆಂದು ಊಹಿಸಲಾಯಿತು. ಊಹೆ ಸರಳವಾಗಿತ್ತು, ಆದರೆ ಮಿದುಳು ಅಷ್ಟು ಸರಳವಲ್ಲ.

ಒಂದು ನರಕೋಶವು ಇನ್ನೊಂದಕ್ಕೆ ಸಂದೇಶ ಕಳುಹಿಸಲು ಎರಡರ ನಡುವಿನ ಕಿರಿದಾದ ಸಂದಿಗೆ ಸೆರೊಟೋನಿನ್ ಬಿಡುತ್ತದೆ. ಸಂದೇಶ ತಲುಪಿದ ಮೇಲೆ ಅದರ ಬಹುಭಾಗವನ್ನು ತನ್ನ ಪೊರೆಯಲ್ಲಿರುವ ಸಾಗಣೆ ಪ್ರೋಟೀನಿನ ಮೂಲಕ ತಾನೇ ಹಿಂದಕ್ಕೆ ಹೀರಿಕೊಳ್ಳುತ್ತದೆ. ಫ್ಲುಯೊಕ್ಸೆಟಿನ್, ಸರ್ಟ್ರಲಿನ್, ಎಸ್ಸಿಟಾಲೋಪ್ರಾಮ್ ಮುಂತಾದ, ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಖಿನ್ನತೆಯ ಔಷಧಿಗಳು ಆ ಪ್ರೋಟೀನಿಗೆ ಅಂಟಿಕೊಂಡು ಈ ಮರುಹೀರಿಕೆಯನ್ನು ತಡೆಯುತ್ತವೆ. ಇಷ್ಟು ನಡೆಯಲು ಕೆಲವು ಗಂಟೆಗಳೇ ಸಾಕು. ನಾನು ಏನೂ ಆಗುತ್ತಿಲ್ಲವೆಂದು ಹಲುಬುತ್ತಿದ್ದ ದಿನಗಳಲ್ಲಿ ಗುಳಿಗೆ ತನ್ನ ಮೊದಲ ಕೆಲಸವನ್ನು ಎಂದೋ ಮುಗಿಸಿತ್ತು.

ತಡವಾಗುವುದು ಮುಂದಿನ ಕೆಲಸ. ಸೆರೊಟೋನಿನ್ ಬಿಡುವ ಕೋಶಗಳ ಮೇಲೆಯೇ ಕಾವಲಿನಂತಿರುವ ಕೆಲವು ಗ್ರಾಹಕಗಳು (ರಾಸಾಯನಿಕವನ್ನು ಗುರುತಿಸುವ ಪ್ರೋಟೀನುಗಳು), ಅದು ಹೆಚ್ಚಾಯಿತೆಂದು ಕಂಡೊಡನೆ ಕೋಶದ ಚಟುವಟಿಕೆಯನ್ನು ತಗ್ಗಿಸುತ್ತವೆ. ವಾರಗಟ್ಟಲೆ ಔಷಧಿ ಮುಂದುವರಿದಾಗ ಅವುಗಳ ಸೂಕ್ಷ್ಮತೆ ಕುಗ್ಗಿ, ಕೋಶವು ಮತ್ತೆ ಮೊದಲಿನ ಲಯಕ್ಕೆ ಮರಳುತ್ತದೆ. ಇದರ ಜೊತೆಗೆ ಬಿಡಿಎನ್‌ಎಫ್ ಎಂಬ ಪ್ರೋಟೀನಿನ ನೆರವಿನಿಂದ ನರಕೋಶಗಳ ನಡುವಿನ ಸಂಪರ್ಕಗಳು ಹೊಸದಾಗಿ ಹೊಂದಿಕೊಳ್ಳುತ್ತವೆ ಎಂಬ ವಿವರಣೆಯೇ ನನಗೆ ಹೆಚ್ಚು ಸಮಂಜಸವೆನಿಸುತ್ತದೆ. ಬರಿದಾದ ಪಾತ್ರೆಯನ್ನು ತುಂಬುವುದಕ್ಕಿಂತ ಇದು ಹೊಸ ಅಭ್ಯಾಸವೊಂದನ್ನು ಕಲಿಯುವುದಕ್ಕೆ ಹತ್ತಿರ, ಮತ್ತು ಕಲಿಕೆಗೆ ಕಾಲ ಬೇಕು. ಎಲ್ಲರಿಗೂ ಮೊದಲ ಔಷಧಿಯೇ ಒಗ್ಗುವುದಿಲ್ಲವೆಂಬುದೂ ಅಷ್ಟೇ ನಿಜ.

ಮೊದಲ ವಾರಗಳಲ್ಲಿ, ಅದರಲ್ಲೂ ಎಳೆಯ ವಯಸ್ಸಿನವರಲ್ಲಿ, ಚಡಪಡಿಕೆಯೂ ಸಾವಿನ ಯೋಚನೆಯೂ ಹೆಚ್ಚಬಹುದಾದ್ದರಿಂದ ಆಗ ವೈದ್ಯರ ಕಣ್ಗಾವಲು ಅತ್ಯಗತ್ಯ. ನನ್ನ ವೈದ್ಯರು ಆ ದಿನಗಳಲ್ಲಿ ಮತ್ತೆ ಮತ್ತೆ ಕರೆಸಿಕೊಂಡು ವಿಚಾರಿಸಿದ್ದರಿಂದಲೇ ನಾನು ಗುಳಿಗೆಯನ್ನು ಬಿಡಲಿಲ್ಲ. ಐದನೆಯ ವಾರದಲ್ಲಿ ಒಂದು ಬೆಳಿಗ್ಗೆ, ಯಾರೂ ಒತ್ತಾಯಿಸದೆ ಎದ್ದು ಸ್ನಾನ ಮಾಡಿದೆ. ಮುಂದೆ ನಿಲ್ಲಿಸುವ ಕಾಲ ಬಂದಾಗಲೂ, ಔಷಧಿಗೆ ಒಗ್ಗಿಕೊಂಡ ಮಿದುಳು ಅದಿಲ್ಲದೆ ಹೊಂದಿಕೊಳ್ಳಲಿ ಎಂದು, ಅವರು ಪ್ರಮಾಣವನ್ನು ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿಯೇ ಇಳಿಸಿದರು.