ಕಲ್ಲಚ್ಚು: ಹನ್ನೆರಡು ಹಾಳೆ, ಒಂಬತ್ತು ಪ್ರತಿ

ಮೊದಲ ಭಾನುವಾರ

ಕಲ್ಲಚ್ಚು ಎಂದರೆ ಲಿಥೋಗ್ರಫಿ, ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಚಿತ್ರ ಬಿಡಿಸಿ ಕಾಗದಕ್ಕೆ ಅಚ್ಚು ತೆಗೆಯುವುದು. ಅದಕ್ಕಾಗಿ ಕಲ್ಲು ತಿಕ್ಕುವುದರಲ್ಲೇ ಬೆಳಗ್ಗೆಯೆಲ್ಲ ಕಳೆಯಿತು. ಜರ್ಮನಿಯ ಸೋಲ್ನ್‌ಹೋಫನ್ ಸುಣ್ಣಕಲ್ಲು. ಹಿಂದೆ ಯಾರೋ ಬಿಡಿಸಿದ್ದ ಚಿತ್ರದ ನೆರಳು ಇನ್ನೂ ಉಳಿದಿತ್ತು. ಕಾರ್ಬೊರಂಡಮ್ ಪುಡಿಗೆ ನೀರು ಬೆರೆಸಿ, ಕಲ್ಲಿನ ಮೇಲೆ ಕಲ್ಲಿಟ್ಟು ಎಂಟರ ಆಕಾರದಲ್ಲಿ ತಿಕ್ಕಿದೆ. 80ನೇ ನಂಬರಿನ ಒರಟು ಪುಡಿಯಿಂದ ಹೊರಟು 220ರ ನಯ ಪುಡಿಗೆ ಬಂದಾಗ ನೆರಳು ಹೋಯಿತು. 1843ರಲ್ಲಿ ನಮ್ಮ ‘ಮಂಗಳೂರ ಸಮಾಚಾರ’ ಅಚ್ಚಾದದ್ದೂ ಹೀಗೆ ಕಲ್ಲಿನ ಮೇಲೆಯೇ ಎಂದು ನೆನೆದರೆ ರಟ್ಟೆನೋವು ಮರೆಯುತ್ತದೆ.

ಎರಡನೇ ಭಾನುವಾರ

ಚಿತ್ರ ಅಮೂರ್ತ. ಎಡಕ್ಕೆ ದಟ್ಟ ಕಪ್ಪು, ಅದರಿಂದ ಹರಿದ ತೆಳು ಮಸಿ. ಕೈ ಕಲ್ಲಿಗೆ ತಾಗದಂತೆ ಅಡ್ಡ ಹಲಗೆ ಇಟ್ಟುಕೊಂಡೆ, ಬೆರಳಿನ ಜಿಡ್ಡೂ ಅಚ್ಚಿಗೆ ಇಳಿಯುತ್ತದಲ್ಲ. ನೀರಲ್ಲಿ ಕದಡಿದ ಜಿಡ್ಡುಮಸಿ ಆರುತ್ತ ಆರುತ್ತ ಸಣ್ಣ ಸಣ್ಣ ಬಲೆಗಳಾಗಿ ಒಡೆಯಿತು. ಫ್ರೆಂಚರು ಇದಕ್ಕೆ ‘ನೆಲಗಪ್ಪೆಯ ಚರ್ಮ’ ಎನ್ನುತ್ತಾರೆ. ಕುಂಚದಿಂದ ಇದನ್ನು ಬಿಡಿಸಲಾಗದು. ನೀರು ತಾನಾಗಿ ಮಾಡಿಕೊಡಬೇಕು.

ಆದರೂ ಏನೋ ಭಾರವಾಗಿತ್ತು. ಪಿಕಾಸೋ 1945ರ ಡಿಸೆಂಬರ್‌ನಿಂದ 1946ರ ಜನವರಿವರೆಗೆ ಪ್ಯಾರಿಸ್‌ನ ಮೂರ್ಲೊ ಮುದ್ರಣಾಲಯದಲ್ಲಿ ಒಂದು ಗೂಳಿಯನ್ನು ಹನ್ನೊಂದು ಹಂತಗಳಲ್ಲಿ ಕೆಲವೇ ಗೆರೆಗಳಿಗೆ ಇಳಿಸಿದ್ದು ನೆನಪಾಯಿತು. ಬ್ಲೇಡ್ ತೆಗೆದುಕೊಂಡು ಕಪ್ಪಿನ ನಡುವೆ ಒಂದೇ ಬಿಳಿ ಗೀರು ಎಳೆದೆ. ಚಿತ್ರ ಉಸಿರಾಡಿತು.

ಸಂಜೆ ಟಾಲ್ಕ್ ಉದುರಿಸಿ, ಖಾಲಿ ಜಾಗ ನೀರು ಹಿಡಿಯಲೆಂದು ಗಮ್ ಅರೇಬಿಕ್ ಎಂಬ ಮರದ ಅಂಟಿಗೆ ಕೆಲವೇ ಹನಿ ನೈಟ್ರಿಕ್ ಆಸಿಡ್ ಸೇರಿಸಿ ಬಳಿದೆ. ತೆಳು ಮಸಿಯ ಜಾಗಕ್ಕೆ ಬರೀ ಗಮ್.

ಮೂರನೇ ಭಾನುವಾರ

ಟರ್ಪೆಂಟೈನ್ ಹಾಕಿ ಒರೆಸಿದಾಗ ಚಿತ್ರವೇ ಮಾಯ. ಜಿಡ್ಡು ಕಲ್ಲಲ್ಲೇ ಉಳಿದಿರುತ್ತದೆಂದು ಗೊತ್ತಿದ್ದರೂ ಎದೆ ಧಸಕ್ಕೆಂದಿತು. ಸ್ಪಂಜಿನಿಂದ ಕಲ್ಲು ಒದ್ದೆ ಮಾಡಿ ಮಸಿಯ ರೋಲರ್ ಉರುಳಿಸಿದೆ. ಖಾಲಿ ಜಾಗ ನೀರು ಹಿಡಿದು ಮಸಿಯನ್ನು ದೂರವಿಟ್ಟಿತು, ಜಿಡ್ಡು ಕೂತಲ್ಲಿ ಮಸಿ ಕಚ್ಚಿತು. ನಾಲ್ಕನೇ ಸಲಕ್ಕೆ ಬಲೆಯ ಒಂದೊಂದು ಎಳೆಯೂ ಎದ್ದು ಬಂತು.

ಕಚ್ಚಾ ಕಾಗದದ ಮೇಲೆ ಪರೀಕ್ಷೆ ಮುಗಿಸಿ, ಒಪ್ಪಿದ ಮೊದಲ ಅಚ್ಚನ್ನು ಮಾದರಿಯಾಗಿ ಗೋಡೆಗೆ ಹಾಕಿದೆ. ಉಳಿದವೆಲ್ಲ ಅದಕ್ಕೆ ಹೊಂದಬೇಕು. ಹತ್ತಿಯ ಕಾಗದ ಹನ್ನೆರಡು ಹಾಳೆ ಇತ್ತು. ಒಂದು ಮಡಚಿಕೊಂಡಿತು. ಇನ್ನೊಂದಕ್ಕೆ ಕಲ್ಲು ಒಣಗಿ ಬಿಳಿ ಜಾಗಕ್ಕೂ ಮಸಿ ಹತ್ತಿತು. ಏಳನೆಯದು ನೋಡಲು ಚೆಂದವೇ, ಆದರೆ ಬಲೆಯ ಒಂದು ಮೂಲೆ ತುಂಬಿಕೊಂಡು ಕಪ್ಪಾಗಿತ್ತು. ‘ಅಮೂರ್ತ ಚಿತ್ರ ತಾನೆ, ಯಾರಿಗೆ ಗೊತ್ತಾಗುತ್ತೆ?’ ಎಂದರು ಜೊತೆಗಿದ್ದವರು. ನನಗೆ ಅಮೂರ್ತದಲ್ಲೇ ಹೆಚ್ಚು ಗೊತ್ತಾಗುತ್ತದೆ. ಹಿಡಿದುಕೊಳ್ಳಲು ಮುಖವಿಲ್ಲ, ಮರವಿಲ್ಲ. ಆ ಬಲೆಯೇ ಚಿತ್ರ. ಅದನ್ನೂ ಹರಿದೆ.

ಪೆನ್ಸಿಲಿನಲ್ಲಿ 1/9ರಿಂದ 9/9ರವರೆಗೆ ಬರೆದು ಸಹಿ ಹಾಕಿದೆ. ಹತ್ತನೆಯದು ಇರಬಾರದು, ಹಾಗಾಗಿ ಬರುವ ವಾರ ಕಲ್ಲು ಮತ್ತೆ ತಿಕ್ಕಬೇಕು. 80ನೇ ನಂಬರಿನ ಪುಡಿ ಮುಗಿದಿದೆ, ಅಷ್ಟರೊಳಗೆ ತರಿಸಬೇಕು.